‘ರ’ದಿಂದ ಶುರುವಾಗುವ ಪಾಠ

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದರೆ ಜಯಪುರ, ಹಂಪಾಪುರ, ಹ್ಯಾಂಡ್‌ಪೋಸ್ಟ್ ದಾಟಿ ಹೆಗ್ಗಡದೇವನಕೋಟೆ ಸಿಗುತ್ತದೆ. ಸುಮಾರು 50 ಕಿಲೋಮೀಟರ್ ದಾರಿ. ಈ ಬಸ್ಸು ಹತ್ತುವ ಪ್ರವಾಸಿಗರಲ್ಲಿ ಹೆಚ್ಚಿನವರು ಕಬಿನಿ ಹಿನ್ನೀರಿಗೆ ನೀರು ಕುಡಿಯಲು ಬರುವ ಆನೆಗಳನ್ನೋ ನಾಗರಹೊಳೆ ಕಾಡಿನ ಹುಲಿಯನ್ನೋ ನೋಡುವ ಆಸೆಯವರು. ನಾನು ಹೊರಟದ್ದು ಒಂದು ತರಗತಿ ನೋಡಲು. ಆಗಸ್ಟ್ ತಿಂಗಳ ಮೊದಲ ವಾರ. ರಸ್ತೆಯ ಎರಡೂ ಬದಿ ಹತ್ತಿ, ಹೊಗೆಸೊಪ್ಪು, ಮುಸುಕಿನ ಜೋಳ. ಆಗಾಗ ಹನಿಯುವ ಮಳೆ.

ಸರ್ಕಾರಿ ಶಾಲೆಯಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲಿ ‘ನಲಿ-ಕಲಿ’ ಎಂಬ ಹೆಸರು ಕೇಳಿಯೇ ಇರುತ್ತೀರಿ. ಅದು ಹುಟ್ಟಿದ್ದು ಈ ತಾಲ್ಲೂಕಿನಲ್ಲಿ. 1995ರಲ್ಲಿ ಇಲ್ಲಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿಯ ಬಳಿ ಇರುವ ರಿಷಿ ವ್ಯಾಲಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು, ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡರು. ಊರಿಗೆ ಮರಳಿದ ಮೇಲೆ ಯುನಿಸೆಫ್ ಸಂಸ್ಥೆಯ ನೆರವಿನಿಂದ ತಾವೇ ಕೂತು ಕನ್ನಡದ ಕಾರ್ಡು, ಹಾಡು, ಆಟಗಳನ್ನು ತಯಾರಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು.

ಕೋಟೆಯಿಂದ ಒಳಗೆ ಹೋಗುವ ಒಂದು ಸಣ್ಣ ಊರಿನ ಶಾಲೆಗೆ ಶುಕ್ರವಾರ ಬೆಳಿಗ್ಗೆ ತಲುಪಿದೆ. ಒಂದು, ಎರಡು, ಮೂರನೆಯ ತರಗತಿಯ ಹತ್ತೊಂಬತ್ತು ಮಕ್ಕಳು ಒಂದೇ ಕೋಣೆಯಲ್ಲಿದ್ದರು. ಬೆಂಚಿಲ್ಲ, ಡೆಸ್ಕಿಲ್ಲ. ಎಲ್ಲರೂ ನೆಲದ ಮೇಲೆ ದುಂಡಗೆ ಕುಳಿತಿದ್ದರು. ತಲೆಯ ಮೇಲೆ ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಮಕ್ಕಳು ಬಿಡಿಸಿದ ಚಿತ್ರ, ಕಾಗದದ ಗಿಳಿ, ಪದಗಳ ಪಟ್ಟಿ ತೂಗಿಬಿಟ್ಟಿದ್ದರು. ಅದಕ್ಕೆ ‘ಚಪ್ಪರ’ ಎಂದು ಹೆಸರು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವಷ್ಟು ಎತ್ತರದಲ್ಲಿ ಕರಿಹಲಗೆ. ಒಳಗೆ ಬಂದ ಮಗು ತನ್ನ ಹಾಜರಿಯನ್ನು ತಾನೇ ಗುರುತು ಮಾಡುತ್ತಿತ್ತು. ಒಬ್ಬ ಹುಡುಗ ಕಿಟಕಿಯಿಂದ ಆಕಾಶ ನೋಡಿ ಬಂದು ಹವಾಮಾನದ ಪಟ್ಟಿಯಲ್ಲಿ ಮೋಡದ ಚಿತ್ರ ಬರೆದ. ಇನ್ನೊಬ್ಬಳು ಹೊರಗೆ ಕೈ ಚಾಚಿ, “ಮಿಸ್, ಮಳೆನೂ ಅದೆ” ಎಂದು ಎರಡು ಹನಿ ಸೇರಿಸಿದಳು.

ಗೋಡೆಯ ಮೇಲೊಂದು ಏಣಿಯ ಚಿತ್ರವಿತ್ತು. ಅದು ‘ಕಲಿಕಾ ಏಣಿ’. ಏಣಿಯುದ್ದಕ್ಕೂ ಮೈಲಿಗಲ್ಲುಗಳು, ಒಂದೊಂದು ಮೆಟ್ಟಿಲಿಗೆ ಒಂದೊಂದು ಚಿತ್ರದ ಗುರುತು. ಮಗು ತಾನು ನಿನ್ನೆ ಯಾವ ಮೆಟ್ಟಿಲಲ್ಲಿತ್ತು ಎಂದು ನೋಡಿ, ಅದೇ ಗುರುತಿನ ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗುಂಪುಗಳು ಐದು. ಒಂದಕ್ಕೆ ಟೀಚರ್ ಪೂರ್ತಿ ಜೊತೆಗಿರಬೇಕು, ಇನ್ನೊಂದಕ್ಕೆ ಅರ್ಧ ಸಹಾಯ ಸಾಕು. ಮೂರನೆಯದರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ, ನಾಲ್ಕನೆಯದರಲ್ಲಿ ಅವರ ಸಹಾಯವೂ ಸ್ವಲ್ಪವೇ ಬೇಕು. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಕೇಳಲು ಸುಲಭ. ನಡೆಸುವ ಟೀಚರ್ ಮಾತ್ರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಕಡೆ ಐದು ನಿಮಿಷ ಕೂತದ್ದನ್ನು ನಾನು ಕಾಣಲಿಲ್ಲ.

ಏಣಿಯಿಂದ ಒಂದು ದೊಡ್ಡ ಅನುಕೂಲವಿದೆ. ಈ ಭಾಗದ ಎಷ್ಟೋ ಮನೆಯವರು ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಾರೆ. ಮಕ್ಕಳೂ ಜೊತೆಗೆ ಹೋಗಿಬಿಡುತ್ತಾರೆ. ಎಲ್ಲರಿಗೂ ಒಂದೇ ಪಾಠ ನಡೆಯುವ ತರಗತಿಯಲ್ಲಿ, ತಿಂಗಳು ಬಿಟ್ಟು ಬಂದ ಮಗುವಿಗೆ ಮುಂದಿನದೇನೂ ಅರ್ಥವಾಗದು. ಇಲ್ಲಿ ಅದು ಬಿಟ್ಟುಹೋದ ಮೆಟ್ಟಿಲನ್ನೇ ಹುಡುಕಿ ಮತ್ತೆ ಹತ್ತಬಹುದು. ಹಿಂದೆ ಉಳಿದೆ ಎಂದು ಅಳಬೇಕಾಗಿಲ್ಲ.

ಹಾಲು ಕುಡಿಯುವ ಹೊತ್ತಾಯಿತು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲು, ತಲೆಗೆ 150 ಮಿಲಿಲೀಟರ್. ಮಕ್ಕಳು ಲೋಟ ಹಿಡಿದು ಸಾಲಾಗಿ ನಿಂತಾಗ ಗೇಟಿನ ಬಳಿ ಒಬ್ಬ ಹಿರಿಯರು ಬಂದರು. ಹೆಗಲಲ್ಲಿ ಚೀಲ, ಚೀಲದಿಂದ ಹೊರಗೆ ಇಣುಕುತ್ತಿದ್ದ ಗರಗಸದ ಹಿಡಿ. ಊರಿನ ಬಡಗಿ. ಒಂದನೆಯ ತರಗತಿಯ ಒಬ್ಬ ಹುಡುಗಿಯ ತಾತ.

“ಟೀಚರಮ್ಮ, ಶಾಲೆ ಸುರುವಾಗಿ ಎರಡು ತಿಂಗಳಾಯ್ತು. ನಮ್ ಮಗೀಗೆ ಇನ್ನೂ ಅ ಆ ಇ ಈನೇ ಬರಾಕಿಲ್ಲ. ಕೇಳಿದ್ರೆ ರ ಗ ಸ ಅಂತದೆ. ಪಕ್ಕದ ಮನೆ ಹುಡುಗ ವ್ಯಾನಲ್ಲಿ ಹೋಗ್ತಾನೆ, ಎಬಿಸಿಡಿ ಪೂರಾ ಹೇಳ್ತಾನೆ. ಇವಳನ್ನೂ ವ್ಯಾನಿಗೆ ಹತ್ತಿಸಾನ ಅಂತ ಅವರಪ್ಪ ಅಂತಾವ್ನೆ” ಎಂದರು. ಸಿಟ್ಟಿಗಿಂತ ಹೆಚ್ಚಾಗಿ ಆತಂಕವೇ ಆ ದನಿಯಲ್ಲಿತ್ತು.

ಟೀಚರ್ ಬೇಸರಪಟ್ಟುಕೊಳ್ಳಲಿಲ್ಲ. “ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ನಿಮ್ಮ ಕಾಲದಲ್ಲಿ ಹೆಂಗೆ ಕಲ್ತಿರಿ?” ಎಂದು ಕೇಳಿದರು.

ಅವರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮರಳಿನ ಮೇಲೆ ಬೆರಳಿಟ್ಟು ತಿದ್ದಿದ್ದು, ಸಾಲಾಗಿ ಅ ಆ ಇ ಈ ಕೂಗಿದ್ದು ಎಲ್ಲ ನೆನಪಿತ್ತು. ಆಗ ಟೀಚರ್ ನೆಲದ ಮೇಲೆ ಐದು ಅಕ್ಷರ ಬರೆದರು: ರ ಗ ಸ ದ ಅ.

ನಲಿ-ಕಲಿಯಲ್ಲಿ ಮಗು ಮೊದಲು ಕಲಿಯುವ ಅಕ್ಷರಗಳು ಇವೇ. ಕಾರಣವಿದೆ. ಇವು ಎಳೆಯ ಕೈಗೆ ಬರೆಯಲು ಹಗುರ. ‘ರ’ದ ದುಂಡು ತಿದ್ದಿ ಬಂದರೆ ಮಿಕ್ಕವಕ್ಕೂ ಕೈ ತಿರುಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೊಂಬು, ಗುಡಿಸು, ದೀರ್ಘ ಯಾವುದೂ ಇಲ್ಲದೆ ಈ ಐದರಿಂದಲೇ ಪದಗಳು ಹುಟ್ಟುತ್ತವೆ: ಸರ, ರಸ, ದರ, ಅರಸ, ಅಗಸ, ಸರಸರ. ನಮ್ಮ ಹಳೆಯ ಸಾಲಿನ ಮೊದಲ ಐದು ಅಕ್ಷರಗಳಾದ ಅ ಆ ಇ ಈ ಉ ಕಲಿತ ಮಗು ‘ಆ’, ‘ಈ’ ಎಂಬ ಒಂಟಿ ಅಕ್ಷರದ ಮಾತು ಬಿಟ್ಟರೆ ಏನನ್ನೂ ಓದಲಾರದು. ಇಲ್ಲಿ ಐದು ಅಕ್ಷರ ಬಂದ ವಾರವೇ ಮಗು ಓದತೊಡಗುತ್ತದೆ. ಆಮೇಲೆ ಜ ವ ಮ ಬ ನ ಬರುತ್ತವೆ. ಹೀಗೆ ಕಂತು ಕಂತಾಗಿ ಎಲ್ಲ ಅಕ್ಷರಗಳೂ ಮುಗಿದ ಮೇಲೆ ವರ್ಣಮಾಲೆಯ ಸಾಲೂ ಬರುತ್ತದೆ.

“ಹಳೇ ಸಾಲು ತಪ್ಪು ಅಂತಲ್ಲ” ಎಂದರು ಟೀಚರ್. ನಿಜ. ಕ ವರ್ಗ ಗಂಟಲಿನಲ್ಲಿ ಶುರುವಾಗಿ ಪ ವರ್ಗ ತುಟಿಗೆ ಬಂದು ಮುಗಿಯುವ ಆ ಜೋಡಣೆ ಬಹಳ ಚಂದದ್ದು. ಅದು ಬಾಯಿಯ ಲೆಕ್ಕ. ನಲಿ-ಕಲಿಯದು ಬರೆಯುವ ಕೈ, ಓದುವ ಕಣ್ಣುಗಳ ಲೆಕ್ಕ.

ತಾತ ಏನೂ ಹೇಳಲಿಲ್ಲ. ಮೊಮ್ಮಗಳು ಹಾಲಿನ ಮೀಸೆ ಒರೆಸಿಕೊಂಡು ಬಂದಳು. ಟೀಚರ್ ಅವಳ ಕೈಗೆ ಸೀಮೆಸುಣ್ಣ ಕೊಟ್ಟು, “ತಾತನ ಚೀಲದಲ್ಲಿ ಏನದೆ, ಬರಿ ನೋಡೋಣ” ಎಂದರು. ಅವಳು ತಾತನ ಚೀಲ ನೋಡಿದಳು. ನಾಲಿಗೆ ಹೊರಚಾಚಿ, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು ಬರೆದಳು: ಗ ರ ಗ ಸ. ಎರಡನೆಯ ‘ಗ’ ಸೊಟ್ಟಗಾಗಿತ್ತು. ತಾತ ಬಗ್ಗಿ ನೋಡಿ, ತಾವೂ ಒಂದು ಸಲ ಓದಿ, “ಗರಗಸ” ಎಂದರು. ಶಾಲೆ ಬದಲಿಸುವ ವಿಷಯಕ್ಕೆ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. “ನಾಳೆ ಬೋರ್ಡು ನೋಡಕ್ಕೆ ಬತ್ತೀನಿ” ಎಂದು ಹೊರಟರು.

ಬೋರ್ಡು ಯಾವುದೆಂದು ಶನಿವಾರ ತಿಳಿಯಿತು. ಅಂದು ಶಾಲೆ ಅರ್ಧ ದಿನ. ಬಿಡುವ ಮೊದಲು ಟೀಚರ್ ಗೇಟಿನ ಪಕ್ಕದ ಕರಿಹಲಗೆಯ ಮೇಲೆ ವಾರದ ವರದಿ ಬರೆಯುತ್ತಾರೆ. ಅಂದಿನದು ಹೀಗಿತ್ತು:

ಈ ವಾರ ನಾವು ಕಲಿತದ್ದು
1ನೇ ತರಗತಿ: ರ ಗ ಸ ದ ಅ. 9ರವರೆಗೆ ಎಣಿಕೆ.
2ನೇ ತರಗತಿ: ಕಾಗುಣಿತ. ಹತ್ತರ ಕಟ್ಟು ಮತ್ತು ಬಿಡಿ.
3ನೇ ತರಗತಿ: ನಮ್ಮೂರ ಕೆರೆಯ ಬಗ್ಗೆ ಐದು ವಾಕ್ಯ. ಕಳೆಯುವ ಲೆಕ್ಕ.

ಮನೆಯವರ ಗಮನಕ್ಕೆ
ಸೋಮವಾರ ಪ್ರತಿ ಮಗುವೂ 20 ಹುಣಸೆಬೀಜ ತರಲಿ, ಎಣಿಸಲು ಬೇಕು.
ಭಾನುವಾರ ಮಕ್ಕಳ ಉಗುರು ಕತ್ತರಿಸಿ.
ಆಗಸ್ಟ್ 10 ಜಂತುಹುಳು ಮಾತ್ರೆಯ ದಿನ. ಶಾಲೆ ತಪ್ಪಿಸಬೇಡಿ. ಮಗುವಿಗೆ ಹುಷಾರಿಲ್ಲದಿದ್ದರೆ ಮೊದಲೇ ತಿಳಿಸಿ.
ಮೂರನೆಯ ಶನಿವಾರ ಸಂಭ್ರಮ ಶನಿವಾರ. ಪುಸ್ತಕದ ಚೀಲ ಬೇಡ.
ಕೊಡಗಿಗೆ ಕೆಲಸಕ್ಕೆ ಹೋಗುವವರು ಹೊರಡುವ ಮುಂಚೆ ಶಾಲೆಗೆ ಬಂದು ಹೇಳಿ.
ಮನೆಯಲ್ಲಿ ಈ ಐದು ಅಕ್ಷರಗಳ ಪದ ಹುಡುಕುವ ಆಟ ಆಡಿ. ಅ ಆ ಇ ಈ ಬರಲಿಲ್ಲವೆಂದು ಬೈಯಬೇಡಿ.

ಕೊನೆಯ ಸಾಲು ಶುಕ್ರವಾರದ ಮಾತಿನ ಫಲವೋ, ಪ್ರತಿ ವರ್ಷವೂ ಬರುವುದೋ ನಾನು ಕೇಳಲಿಲ್ಲ.

ಫೋನಿನಲ್ಲಿ ಮೆಸೇಜ್ ಕಳಿಸಿದರೆ ಸಾಲದೇ ಎಂದು ಮಾತ್ರ ಕೇಳಿದೆ. “ಕಳಿಸ್ತೀನಿ. ಆದರೆ ಫೋನು ಅಪ್ಪನ ಜೇಬಲ್ಲಿ ಇರ್ತದೆ, ಮಗು ಮನೇಲಿ ತಾತ, ಅಜ್ಜಿ ಹತ್ರ ಇರ್ತದೆ” ಎಂದರು. ಇಲ್ಲಿ ಮಕ್ಕಳನ್ನು ಕರೆದೊಯ್ಯಲು ಗೇಟಿಗೆ ಬರುವವರಲ್ಲಿ ಹೆಚ್ಚಿನವರು ಅಜ್ಜಿ ತಾತಂದಿರೇ. ಕೆಲವರಿಗೆ ಓದು ಬರದು. ಅವರಿಗೆ ಮೂರನೆಯ ತರಗತಿಯ ಮಕ್ಕಳು ಬೋರ್ಡಿನ ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿ ಹೇಳುತ್ತಾರೆ. ಮಕ್ಕಳಿಗೆ ಅದೂ ಒಂದು ಪಾಠ. “ಹುಣಸೆಬೀಜ ಎಷ್ಟಂದೆ ಕೂಸೇ?” ಎಂದು ಒಬ್ಬ ಅಜ್ಜಿ ಎರಡು ಸಲ ಕೇಳಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಬಡಗಿ ತಾತನೂ ಬಂದರು. ಹಿಂದೆ ನಿಂತು, ಯಾರ ಸಹಾಯವೂ ಇಲ್ಲದೆ ಇಡೀ ಬೋರ್ಡು ಓದಿದರು. ಮೊಮ್ಮಗಳ ಕೈ ಹಿಡಿದು ಹೋಗುವಾಗ ಅವಳು ದಾರಿಯಲ್ಲಿ ಕಂಡದ್ದಕ್ಕೆಲ್ಲ “ಇದು ಐದರಲ್ಲಿ ಬತ್ತದಾ ತಾತ?” ಎಂದು ಕೇಳುತ್ತಿದ್ದಳು. ಎಮ್ಮೆ ಬರಲಿಲ್ಲ. ಕಲ್ಲು ಬರಲಿಲ್ಲ. ಇಬ್ಬರೂ ತಿರುವಿನಲ್ಲಿ ಮರೆಯಾದರು.

ಒಂದು, ಎರಡನೆಯ ತರಗತಿಯ ಮಕ್ಕಳಿಗೆ ಮನೆಪಾಠ ಕೊಡಬಾರದೆಂದು ಸರ್ಕಾರ 2019ರಲ್ಲೇ ಹೇಳಿದೆ. ಅವರ ಚೀಲದ ಭಾರವೂ 2 ಕೆಜಿ ಮೀರಬಾರದು. ಮನೆಪಾಠವಿಲ್ಲವೆಂದರೆ ಮನೆಯವರಿಗೆ ಕೆಲಸವಿಲ್ಲವೆಂದಲ್ಲ. ಮಗು ಈ ವಾರ ಯಾವ ಮೆಟ್ಟಿಲಲ್ಲಿದೆ ಎಂದು ತಿಳಿದುಕೊಳ್ಳುವುದು, ಅಲ್ಲಿಂದಲೇ ಅದರೊಡನೆ ಮಾತಾಡುವುದು ಮನೆಯವರ ಕೆಲಸ. ಅದಕ್ಕೆ ಇಂಗ್ಲಿಷ್ ಬೇಡ, ಪದವಿ ಬೇಡ. ಹುಣಸೆಬೀಜ ಆರಿಸುವಷ್ಟು ಬಿಡುವು ಸಾಕು.

ಈಗ ಮಕ್ಕಳೇ, ನಿಮಗೊಂದು ಆಟ. ಕಾಗದದ ಮೇಲೆ ಹತ್ತು ಅಕ್ಷರ ಬರೆಯಿರಿ: ರ ಗ ಸ ದ ಅ, ಜ ವ ಮ ಬ ನ. ಕೊಂಬು, ದೀರ್ಘ, ಒತ್ತು ಯಾವುದೂ ಬೇಡ. ಒಂದು ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಮರ, ಬಸವ, ಗಮನ ಇವು ಮೂರನ್ನು ನಾನೇ ಹೇಳಿಬಿಟ್ಟೆ. ನೀವು ಒಂದು ಕಡೆ, ಅಜ್ಜಿ ತಾತ ಇನ್ನೊಂದು ಕಡೆ ಕೂತು ಬರೆಯುತ್ತಾ ಹೋಗಿ. ಮೂವತ್ತು ದಾಟಿದವರು ಗೆದ್ದಂತೆ. ಅಜ್ಜಿ ನಿಮಗೆ ಗೊತ್ತಿಲ್ಲದ ಪದ ಬರೆದರೆ ಅದರ ಅರ್ಥ ಕೇಳಿ ತಿಳಿದುಕೊಳ್ಳಿ. ಮೈಸೂರಿನ ಕಡೆಯವರಿಗೆ ಒಂದು ಸುಳಿವು: ನಮ್ಮ ದೊಡ್ಡ ಹಬ್ಬವೊಂದರ ಹೆಸರು ಮೊದಲ ಐದು ಅಕ್ಷರಗಳಲ್ಲೇ ಅಡಗಿದೆ.