ನೆಟ್ಟಿನಾಚೆ ಒಬ್ಬರು ಬೇಕು

ಹದಿನೆಂಟು ತುಂಬಿದವರಿಗೆ ಸರ್ಕಾರ ಓಟು ಕೊಡುತ್ತದೆ, ಡ್ರೈವಿಂಗ್ ಲೈಸೆನ್ಸ್ ಕೊಡುತ್ತದೆ. ಟೆನಿಸ್ ಮಾತ್ರ ಕೊಟ್ಟದ್ದನ್ನೂ ವಾಪಸು ಇಸಿದುಕೊಳ್ಳುತ್ತದೆ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಲೆಕ್ಕದಲ್ಲಿ, ಹದಿನೆಂಟು ತುಂಬಿದ ವರ್ಷದ ಡಿಸೆಂಬರ್ 31ರವರೆಗೆ ನೀವು ಜೂನಿಯರ್. ಮಾರನೆಯ ದಿನ ಹೊಸ ಕ್ಯಾಲೆಂಡರ್ ಗೋಡೆಗೇರುವ ಹೊತ್ತಿಗೆ ಜೂನಿಯರ್ ಪಂದ್ಯಾವಳಿಯೂ ಇಲ್ಲ, ಬೆಳಗಿನ ಬ್ಯಾಚೂ ಇಲ್ಲ. ಶೋಕೇಸಿನಲ್ಲಿ ಕಪ್ಪುಗಳು ಮಾತ್ರ ಉಳಿಯುತ್ತವೆ. ಅವುಗಳ ಧೂಳು ಒರೆಸುತ್ತಾ ಅಮ್ಮ, “ಆಡಿದ್ದು ಸಾಕು, ಇನ್ನು ಓದಿನ ಕಡೆ ನೋಡಪ್ಪ” ಅನ್ನುತ್ತಾರೆ.

ನಾನು ಆ ಡಿಸೆಂಬರ್ ದಾಟಿ ಬಹಳ ಕಾಲವಾಯಿತು. ರಾಜ್ಯಮಟ್ಟದಲ್ಲಿ ಒಂದೆರಡು ರೌಂಡು ಗೆದ್ದು ಮನೆಗೆ ಬರುತ್ತಿದ್ದವರ ಪೈಕಿ ನಾನೂ ಒಬ್ಬ. ಆಮೇಲೆ ಡಿಗ್ರಿ, ಕೆಲಸ, ಇಎಂಐ ಎಲ್ಲ ಸಾಲಾಗಿ ಬಂದವು. ಟೆನಿಸ್ ಮಾತ್ರ ಬಿಟ್ಟು ಹೋಗಲಿಲ್ಲ. ಅದರಲ್ಲೂ ನನಗೆ ರುಚಿ ಹತ್ತಿದ್ದು ಮ್ಯಾಚಿಗಿಂತ ಪ್ರಾಕ್ಟೀಸಿನದು. ಹೊಸ ಡಬ್ಬಿಯ ರಿಂಗು ಎಳೆದ ಕೂಡಲೇ ‘ಸುಯ್’ ಎಂದು ಗಾಳಿ ಹೊರಬರುತ್ತದಲ್ಲ, ಅದರ ಬೆನ್ನಿಗೇ ರಬ್ಬರು, ಉಣ್ಣೆಗಳ ಘಮ ಬರುತ್ತದಲ್ಲ, ಬೆಳಗಿನ ಕಾಫಿಗೆ ಮೊದಲು ನನಗೆ ಅದು ಬೇಕು. ಹಿಡಿಕೆಗೆ ಹೊಸ ಗ್ರಿಪ್ಪನ್ನು ಓರೆಯಾಗಿ, ಒಂದರ ಅಂಚು ಇನ್ನೊಂದರ ಮೇಲೆ ಚೂರೇ ಚೂರು ಬರುವಂತೆ ಸುತ್ತುವುದರಲ್ಲೂ ಒಂದು ಸುಖವಿದೆ. ಗಟ್ಟಿಂಗ್ ಎಷ್ಟು ಪೌಂಡಿಗೆ ಎಂಬ ಚರ್ಚೆಯಂತೂ ಮುಗಿಯುವುದೇ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಊರು. ಇಲ್ಲಿನ ತೆಳುಗಾಳಿಯಲ್ಲಿ ಚೆಂಡು ಹಾರುತ್ತದೆ. ಎತ್ತರದ ಊರುಗಳಿಗೆಂದೇ ಬೇರೆ ಚೆಂಡು ಇದೆಯಾದರೂ ನಿಯಮದ ಪ್ರಕಾರ ಅದು 1,219 ಮೀಟರ್ ದಾಟಿದ ಮೇಲಿನ ಮಾತು. ಹಾಗಾಗಿ ಮಾಮೂಲಿ ಚೆಂಡಿನಲ್ಲೇ ಆಡುವ ನಾವು ಗಟ್ಟನ್ನು ಒಂದೆರಡು ಪೌಂಡು ಬಿಗಿ ಮಾಡಿಸುತ್ತೇವೆ. ಅದೇ ರ‍್ಯಾಕೆಟ್ ಹಿಡಿದು ಚೆನ್ನೈಗೆ ಹೋದರೆ, ಹೊಡೆದ ಚೆಂಡು ಸರ್ವಿಸ್ ಲೈನಿನ ಹತ್ತಿರವೇ ಬಿದ್ದು ಎದುರಾಳಿಗೆ ಹಬ್ಬ.

ಪ್ರಾಕ್ಟೀಸಿನಲ್ಲಿ ನನಗೆ ಅಚ್ಚುಮೆಚ್ಚು ಕ್ರಾಸ್‌ಕೋರ್ಟ್. ಮೂಲೆಯಿಂದ ಮೂಲೆಗೆ, ಫೋರ್‌ಹ್ಯಾಂಡಿಗೆ ಫೋರ್‌ಹ್ಯಾಂಡ್. ನೋಡುವವರಿಗೆ ಬೇಸರ, ಆಡುವವರಿಗೆ ಧ್ಯಾನ. ಇದರ ಹಿಂದೆ ಒಂದು ಲೆಕ್ಕವಿದೆ. ಕೋರ್ಟಿನ ಉದ್ದ 23.77 ಮೀಟರ್, ಸಿಂಗಲ್ಸ್ ಅಗಲ 8.23 ಮೀಟರ್. ಮೂಲೆಯಿಂದ ಮೂಲೆಗೆ ಅಳೆದರೆ 25 ಮೀಟರಿಗೂ ತುಸು ಹೆಚ್ಚು. ಅಂದರೆ ಓರೆಯಾಗಿ ಹೊಡೆದ ಚೆಂಡಿಗೆ ಬೀಳಲು ಒಂದು ಮೀಟರಿಗೂ ಮಿಕ್ಕಿದ ಜಾಗ ಪುಕ್ಕಟೆ ಸಿಗುತ್ತದೆ. ನೆಟ್ಟು ಕಂಬದ ಬಳಿ 1.07 ಮೀಟರ್ ಇದ್ದರೆ ನಡುವೆ 0.914, ಕ್ರಾಸ್‌ಕೋರ್ಟ್ ಚೆಂಡು ದಾಟುವುದು ಆ ತಗ್ಗಿನ ಮೇಲೆಯೇ. ನೇರಕ್ಕೆ ಹೊಡೆಯುವವನು ಎತ್ತರದ ನೆಟ್ಟು, ಗಿಡ್ಡ ಕೋರ್ಟು ಎರಡನ್ನೂ ಮೈಮೇಲೆ ಎಳೆದುಕೊಳ್ಳುತ್ತಾನೆ. ಯಾವ ಚೆಂಡಿಗೆ ಆ ಧೈರ್ಯ ಮಾಡಬೇಕು, ಯಾವುದಕ್ಕೆ ಕೂಡದು ಎಂದು ಕಲಿಯುವುದೇ ಅರ್ಧ ಟೆನಿಸ್.

ಅದನ್ನು ಒಬ್ಬರೇ ಕಲಿಯಲಾಗದು ಎಂಬುದೇ ತೊಡಕು. ಸಂಗೀತ ಕಲಿಯುವವರು ತಂಬೂರಿ ಮೀಟಿಕೊಂಡು ಒಬ್ಬರೇ ಕೂತು ವರ್ಷಗಟ್ಟಲೆ ಸಾಧನೆ ಮಾಡಬಹುದು. ಟೆನಿಸಿನಲ್ಲಿ ಸಾಧನೆಗೂ ಎರಡನೆಯವರು ಬೇಕು. ಗೋಡೆಗೆ ಹೊಡೆಯಬಹುದು, ಬಾಲ್ ಮೆಷಿನ್ ಇಟ್ಟುಕೊಳ್ಳಬಹುದು. ಆದರೆ ನಿಮ್ಮ ಬ್ಯಾಕ್‌ಹ್ಯಾಂಡ್ ಇವತ್ತು ನಡುಗುತ್ತಿದೆ ಎಂದು ಕಂಡುಹಿಡಿದು ಬೇಕೆಂದೇ ಅಲ್ಲಿಗೇ ಹೊಡೆಯುವ ಬುದ್ಧಿ ಗೋಡೆಗೂ ಇಲ್ಲ, ಮೆಷಿನ್ನಿಗೂ ಇಲ್ಲ. ಆ ಬುದ್ಧಿ ಇರುವವರು ನಮ್ಮ ಸಮಕ್ಕೆ ಆಡುವ, ಆದರೆ ನಮಗಿಂತ ಒಂದು ಕೂದಲೆಳೆ ಮೇಲಿರುವ ಹುಡುಗ ಹುಡುಗಿಯರು. ಹದಿನೆಂಟರ ನಂತರ ಹುಡುಕಬೇಕಾದದ್ದು ಅವರನ್ನೇ.

ಬಹಳಷ್ಟು ಮಂದಿ ಅಕಾಡೆಮಿ ಹುಡುಕುತ್ತಾರೆ. ನಾನೂ ಆ ವಯಸ್ಸಿನಲ್ಲಿ ಒಂದರ ಬಾಗಿಲಿಗೆ ಹೋಗಿದ್ದೆ. ಮೇಜಿನ ಹಿಂದಿದ್ದವರು ತಲೆ ಎತ್ತದೆ ಕೇಳಿದರು: “ಏಜ್?”

“ಹತ್ತೊಂಬತ್ತು ಸರ್.”

“ಹಾಗಾದ್ರೆ ಅಡಲ್ಟ್ ಬ್ಯಾಚು. ಶನಿವಾರ, ಭಾನುವಾರ, ಏಳೂವರೆಗೆ.”

ಅಡಲ್ಟ್ ಬ್ಯಾಚಿನಲ್ಲಿ ಮಂಡಿಗೆ ಬೆಲ್ಟು ಕಟ್ಟಿಕೊಂಡ ಚಾರ್ಟರ್ಡ್ ಅಕೌಂಟೆಂಟರು, ಡಾಕ್ಟರು ವಾಕಿಂಗ್ ಹೇಳಿದ್ದಕ್ಕೆ ಟೆನಿಸ್ ಆರಿಸಿಕೊಂಡವರು, ಹೊಸ ಶೂಸಿಗೆ ನೆವ ಬೇಕಿದ್ದವರು. ಬಹಳ ಒಳ್ಳೆಯ ಜನ. ನನ್ನ ಸರ್ವಿಸ್ ಬಂದಾಗಲೆಲ್ಲ ಪಕ್ಕಕ್ಕೆ ಸರಿದು “ಬ್ಯೂಟಿಫುಲ್!” ಎನ್ನುತ್ತಿದ್ದರು. ರಿಟರ್ನ್ ಮಾಡುವವರು ಮಾತ್ರ ಯಾರೂ ಇರಲಿಲ್ಲ.

ಆ ಅಕಾಡೆಮಿಯವರನ್ನು ಬಯ್ಯಲಾರೆ. ಅವರ ಬದುಕು ನಡೆಯುವುದು ಮಕ್ಕಳ ಫೀಸಿನಲ್ಲಿ. ಒಂದು ಕೋರ್ಟಿನಲ್ಲಿ ಎಂಟು ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬುಟ್ಟಿಯಿಂದ ಚೆಂಡು ಎಸೆಯಬಹುದು. ಇಪ್ಪತ್ತರ ಹುಡುಗರಿಗಾದರೆ ಅದೇ ಕೋರ್ಟು ಇಬ್ಬರಿಗೇ ಬೇಕು, ಹೆಚ್ಚೆಂದರೆ ಮೂವರಿಗೆ. ಬಾಡಿಗೆ ಅದೇ, ದೀಪದ ಬಿಲ್ಲು ಅದೇ, ಫೀಸು ಕೊಡುವವರು ಇಬ್ಬರು. ಮಕ್ಕಳಿಗೆ ಮೆಟ್ಟಿಲುಗಳಾದರೂ ಎಷ್ಟು! ಮೊದಲು ಕೆಂಪು ಚೆಂಡು, ಮಾಮೂಲಿ ಚೆಂಡಿಗಿಂತ ಶೇ. 75ರಷ್ಟು ನಿಧಾನ. ಆಮೇಲೆ ಕಿತ್ತಳೆ, ಶೇ. 50ರಷ್ಟು. ಅನಂತರ ಹಸಿರು ಚುಕ್ಕಿಯದು, ಶೇ. 25ರಷ್ಟು. ಏಳು ವರ್ಷದ ಮಗುವಿಗೆ ಕೋರ್ಟೂ ಕುಗ್ಗುತ್ತದೆ, ಚೆಂಡೂ ತಗ್ಗುತ್ತದೆ. ಹತ್ತೊಂಬತ್ತರವನು ಹತ್ತಬೇಕಾದ ಮೆಟ್ಟಿಲು ವೃತ್ತಿಪರ ಟೆನಿಸಿನ ತಳಮಟ್ಟದ ಎಂ-15 ಪಂದ್ಯಾವಳಿ. ಸಿಂಗಲ್ಸು, ಡಬಲ್ಸು ಎಲ್ಲ ಸೇರಿ ಬಹುಮಾನದ ಹಣ 15,000 ಡಾಲರ್. ಮುಖ್ಯ ಸುತ್ತಿನಲ್ಲಿ ಒಂದು ಸಿಂಗಲ್ಸ್ ಮ್ಯಾಚು ಗೆದ್ದರೆ ಒಂದು ಎಟಿಪಿ ಅಂಕ. ಆ ಒಂದು ಅಂಕಕ್ಕಾಗಿ ಎದುರಿಗೆ ನಿಲ್ಲುವವನು ದೇಶದೇಶ ಸುತ್ತಿ ಬಂದ ಇಪ್ಪತ್ತೆಂಟರ ಆಸಾಮಿ. ಜೂನಿಯರಿನಲ್ಲಿ ಎಲ್ಲರಿಗಿಂತ ಹಿರಿಯನಾಗಿದ್ದ ಹುಡುಗ ಒಂದೇ ರಾತ್ರಿಯಲ್ಲಿ ಎಲ್ಲರಿಗಿಂತ ಕಿರಿಯನಾಗುತ್ತಾನೆ.

ಅಮೆರಿಕದ ಕಾಲೇಜು ಟೆನಿಸ್ ಈ ಕಂದಕವನ್ನು ಮುಚ್ಚುವುದು ಹೇಗೆಂದು ನೋಡಿ. ಅಲ್ಲಿ ಎರಡು ಕಾಲೇಜು ತಂಡಗಳ ಪಂದ್ಯವೆಂದರೆ ಮೂರು ಡಬಲ್ಸ್, ಆರು ಸಿಂಗಲ್ಸ್. ತಂಡ ಕಟ್ಟಲೇಬೇಕಾದ್ದರಿಂದ ಒಂದೇ ವಯಸ್ಸಿನ, ಒಂದೇ ಹಸಿವಿನ ಎಂಟು ಹತ್ತು ಆಟಗಾರರು ದಿನಾ ಒಂದೇ ಕಡೆ ಸೇರುತ್ತಾರೆ. ಆರನೆಯ ಜಾಗದಲ್ಲಿರುವವನು ಐದಕ್ಕೇರಲು ನೋಡುತ್ತಾನೆ, ಏಳನೆಯವನು ಇವನನ್ನು ಕೆಳಗಿಳಿಸಲು ನೋಡುತ್ತಾನೆ. ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿದ್ದಾಗ ಮಹೇಶ್ ಭೂಪತಿ 1995ರಲ್ಲಿ ಅಲ್ಲಿನ ಕಾಲೇಜು ಡಬಲ್ಸ್ ಪ್ರಶಸ್ತಿ ಗೆದ್ದರು. ಎರಡೇ ವರ್ಷದಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ವರ್ಜೀನಿಯಾ ವಿಶ್ವವಿದ್ಯಾಲಯದ ಸೋಮ್‌ದೇವ್ ದೇವ್‌ವರ್ಮನ್ 2007, 2008 ಎರಡೂ ವರ್ಷ ಕಾಲೇಜು ಸಿಂಗಲ್ಸ್ ಚಾಂಪಿಯನ್. ಅವರಿಗೆ ಅಲ್ಲಿ ಸಿಕ್ಕಿದ್ದರಲ್ಲಿ ಕೋಚು, ಜಿಮ್ಮು, ಹಾಸ್ಟೆಲ್ ಎಲ್ಲವೂ ಇತ್ತು. ನನಗೆ ಹೊಟ್ಟೆಕಿಚ್ಚು ಮಾತ್ರ ಆ ಏಳನೆಯವನ ಬಗ್ಗೆ. ನಮ್ಮಲ್ಲಿ ಅಂಥವನೊಬ್ಬ ಸಿಗುವುದು ಕಷ್ಟ.

ಎಲ್ಲರೂ ಅಮೆರಿಕಕ್ಕೆ ಹೋಗಲಾಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಕೊಡಗಿನ ಕಾಫಿ ತೋಟದ ಮನೆಯ ಹುಡುಗ ರೋಹನ್ ಬೋಪಣ್ಣ ರ‍್ಯಾಕೆಟ್ ಹಿಡಿದದ್ದೇ ಹನ್ನೊಂದರ ಸುಮಾರಿಗೆ. ಇಂದಿನ ಅಕಾಡೆಮಿಗಳ ಲೆಕ್ಕದಲ್ಲಿ ಅದು ತಡ. ಅವರು ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು, ಡಬಲ್ಸ್‌ನಲ್ಲಿ ಜಗತ್ತಿನ ಒಂದನೇ ನಂಬರ್ ಆದದ್ದು 2024ರ ಜನವರಿಯಲ್ಲಿ, ನಲವತ್ಮೂರನೆಯ ವಯಸ್ಸಿನಲ್ಲಿ. ಚೆನ್ನೈಯ ಪ್ರಜ್ಞೇಶ್ ಗುಣೇಶ್ವರನ್ ಮಂಡಿ ನೋವಿನಿಂದ ಬಹುಕಾಲ ಕೋರ್ಟಿನಿಂದ ದೂರ ಉಳಿದವರು. 2018ರಲ್ಲಿ ಬೆಂಗಳೂರು ಚಾಲೆಂಜರ್ ಪಂದ್ಯಾವಳಿ ಗೆದ್ದರು. ಮರುವರ್ಷ, ಇಪ್ಪತ್ತೊಂಬತ್ತರಲ್ಲಿ, ಸಿಂಗಲ್ಸ್‌ನ ಮೊದಲ ನೂರರೊಳಗೆ ಬಂದರು. ಹದಿನೆಂಟಕ್ಕೇ ಆಟ ಮುಗಿಯಿತು ಅನ್ನುವವರಿಗೆ ಈ ಎರಡು ಹೆಸರು ಸಾಕು.

ಈಗ ನಮ್ಮ ಬೆಳಗಿನ ಗುಂಪಿನ ಮಾತು. ನಾವು ಐದಾರು ಜನ. ಇಬ್ಬರು ಎಂಜಿನಿಯರಿಂಗ್ ಓದುತ್ತಿದ್ದಾರೆ, ಅವರಲ್ಲಿ ಒಬ್ಬಳು ಹುಡುಗಿ. ಮೂರನೆಯವನು ಬಿ.ಕಾಂ. ಮುಗಿಸಿ ಒಂದು ವರ್ಷ ಸರ್ಕ್ಯೂಟಿನಲ್ಲಿ ಆಡಿ ನೋಡುತ್ತೇನೆಂದು ಅಪ್ಪನನ್ನು ಒಪ್ಪಿಸಿದವನು. ವಯಸ್ಸಾದವನೆಂದರೆ ನಾನು. ನಮಗೆ ಕೋಚು ಯಾರೆಂದರೆ ಕ್ಲಬ್ಬಿನ ಮಾರ್ಕರ್. ಬಾಲ್ ಬಾಯ್ ಆಗಿ ಬಂದು, ಮೆಂಬರುಗಳ ಹಳೇ ರ‍್ಯಾಕೆಟ್ಟಿನಲ್ಲಿ ಆಟ ಕಲಿತು, ಈಗ ಅದೇ ಮೆಂಬರುಗಳಿಗೆ ದಿನಾ ಬೆಳಗ್ಗೆ ಹದವಾಗಿ ಸೋಲುವ ಕೆಲಸ ಮಾಡುವವರು. ನಮ್ಮೆದುರು ಮಾತ್ರ ಅವರು ಸೋಲುವುದಿಲ್ಲ.

ಅವರಿಗೆ ಇಷ್ಟವಾದ ಡ್ರಿಲ್ಲು ಇಬ್ಬರ ವಿರುದ್ಧ ಒಬ್ಬರು. ಈ ಕಡೆ ಬೇಸ್‌ಲೈನಿನಲ್ಲಿ ಇಬ್ಬರು, ಆ ಕಡೆ ಒಬ್ಬಂಟಿ. ಇಬ್ಬರೂ ಅಲುಗಾಡದೆ ಚೆಂಡನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೊಡುತ್ತಾರೆ, ಒಬ್ಬಂಟಿ ಓಡಬೇಕು. ಮೊದಲ ನಿಮಿಷ ಹೊಡೆತ ಚೆಂದವಾಗಿರುತ್ತದೆ. ಎರಡನೆಯ ನಿಮಿಷಕ್ಕೆ ಉಸಿರು ಕಿವಿಗೆ ಕೇಳಿಸುತ್ತದೆ. ಮೂರನೆಯದಕ್ಕೆ ಮಂಡಿ ಬಾಗುವುದು ನಿಂತು, ನಡು ಬಗ್ಗಿಸಿ ಚೆಂಡನ್ನು ಎತ್ತುವ ಕಳ್ಳಾಟ ಶುರು. ಮಾರ್ಕರಣ್ಣನ ಕಣ್ಣು ಕಾಯುತ್ತಿರುವುದು ಆ ಗಳಿಗೆಯನ್ನೇ.

“ಏನಪ್ಪಾ, ಕಾಲು ಮನೇಲಿ ಬಿಟ್ಟು ಬಂದ್ಯಾ?”

ಬಿ.ಕಾಂ. ಹುಡುಗ ಹಲ್ಲು ಕಚ್ಚಿ ಮತ್ತೆರಡು ಹೆಜ್ಜೆ ಚಿಕ್ಕದಾಗಿ ಇಡುತ್ತಾನೆ. ಮೊದಲು ಹೆಜ್ಜೆ, ಆಮೇಲೆ ಭುಜ, ಕೊನೆಗೆ ಕೈ. ದಣಿದ ಮೈ ಆ ಕ್ರಮವನ್ನು ಒಮ್ಮೆ ಸರಿಯಾಗಿ ನೆನಪಿಸಿಕೊಂಡಾಗ ರ‍್ಯಾಕೆಟ್ಟಿನ ನಟ್ಟನಡುವಿನಿಂದ ಒಂದು ಗುಂಡಾದ ಸದ್ದು ಬರುತ್ತದೆ. ಪಕ್ಕದ ಕೋರ್ಟಿನವರೂ ತಿರುಗಿ ನೋಡುವ ಸದ್ದು. ಅದನ್ನು ಕೇಳಲೆಂದೇ ನಾನು ಐದೂವರೆಗೆ ಏಳುತ್ತೇನೆ.

ಡ್ರಿಲ್ಲು ಮುಗಿದ ಮೇಲೆ ಸೆಟ್ಟು ಆಡುತ್ತೇವೆ. ಸ್ಕೋರು ಬರೆದಿಡಲು ಒಂದು ನೋಟ್‌ಬುಕ್ ಇದೆ. ಹುಡುಗಿಯ ಕಟ್ಟುನಿಟ್ಟು ಅದರಲ್ಲಿ ಜೋರು: ಲೈನಿನ ಮೇಲೆ ಬಿದ್ದದ್ದು ಒಳಗೆ, ಅನುಮಾನ ಬಂದದ್ದು ಎದುರಾಳಿಗೆ. ಅವಳ ಸಮಕ್ಕೆ ಆಡುವ ಹುಡುಗಿಯರು ಅವಳಿಗೆ ಸುಲಭಕ್ಕೆ ಸಿಗುವುದಿಲ್ಲ. ಹುಡುಗರ ಸರ್ವಿಸ್ಸನ್ನು ದಿನಾ ಎದುರಿಸಿ ಅವಳ ರಿಟರ್ನ್ ನಮ್ಮೆಲ್ಲರದಕ್ಕಿಂತ ಬೇಗ ಏಳುತ್ತದೆ.

ತಮ್ಮ ಮಕ್ಕಳನ್ನು ಎಲ್ಲಿ ಸೇರಿಸಲಿ ಎಂದು ಕೇಳುವ ತಂದೆ ತಾಯಿಗೆ ನಾನು ಹೇಳುವುದಿಷ್ಟೆ. ಗೋಡೆಯ ಮೇಲಿನ ಫೋಟೋ ನೋಡಬೇಡಿ. ಬೆಳಗ್ಗೆ ಆರಕ್ಕೆ ಹೋಗಿ ಒಂದು ಮೂಲೆಯಲ್ಲಿ ಕೂತು ಎಣಿಸಿ. ಒಂದು ಕೋರ್ಟಿಗೆ ಎಷ್ಟು ಜನ? ನಿಮ್ಮ ಹುಡುಗನನ್ನು ಸೋಲಿಸುವವರು ಅಲ್ಲಿ ಒಬ್ಬರಾದರೂ ಇದ್ದಾರೆಯೇ, ಅವನು ಸೋಲಿಸಬಲ್ಲವರೂ ಒಬ್ಬರಿದ್ದಾರೆಯೇ? ವಾರಕ್ಕೆ ಎಷ್ಟು ಸೆಟ್ಟು ಸ್ಕೋರಿಟ್ಟು ಆಡಿಸುತ್ತಾರೆ? ಕೋಚು ಟೂರ್ನಮೆಂಟಿಗೆ ಬಂದು ಮ್ಯಾಚು ನೋಡುತ್ತಾರೆಯೇ? ಈ ನಾಲ್ಕಕ್ಕೆ ಉತ್ತರ ಸರಿಯಿದ್ದರೆ ಕೋರ್ಟಿನ ಬಣ್ಣ ಮಾಸಿದ್ದರೂ ಚಿಂತೆಯಿಲ್ಲ. ಕಬ್ಬನ್ ಪಾರ್ಕಿನ ರಾಜ್ಯ ಟೆನಿಸ್ ಸಂಸ್ಥೆಯ ಅಂಗಳದಲ್ಲಿ ಚಾಲೆಂಜರ್ ನಡೆದಾಗ ಮಕ್ಕಳನ್ನು ಪ್ರಾಕ್ಟೀಸ್ ಕೋರ್ಟಿನ ಪಕ್ಕಕ್ಕೂ ಕರೆದೊಯ್ಯಿರಿ. ಧಾರವಾಡ, ಕಲಬುರಗಿ, ಮಂಡ್ಯಗಳಲ್ಲೂ ಅಂತರರಾಷ್ಟ್ರೀಯ ಪಂದ್ಯಾವಳಿಗಳು ನಡೆದಿವೆ. ಅಲ್ಲಿ ಆಡಲು ಬರುವವರಲ್ಲಿ ಎಷ್ಟೋ ಜನ ಪ್ರಾಕ್ಟೀಸಿಗೆ ಜೊತೆ ಹುಡುಕುತ್ತಿರುತ್ತಾರೆ. ಸಂಕೋಚ ಬಿಟ್ಟು ಕೇಳಿದರೆ ಅರ್ಧ ಗಂಟೆ ಸಿಕ್ಕೀತು.

ಕ್ಲಬ್ಬುಗಳ ಹಿರಿಯರಲ್ಲಿ ಒಂದು ಬಿನ್ನಹ. ವಾರಕ್ಕೆ ಎರಡು ಸಂಜೆ, ಒಂದೇ ಒಂದು ಕೋರ್ಟನ್ನು ಹದಿನೆಂಟರಿಂದ ಇಪ್ಪತ್ತೈದರವರಿಗೆ ಬಿಟ್ಟುಕೊಡಿ. ಮೆಂಬರ್‌ಶಿಪ್ ಕೇಳಬೇಡಿ, ಆಟ ನೋಡಿ ಒಳಗೆ ಬಿಡಿ. ನಿಮ್ಮ ಮಾರ್ಕರಿಗೆ ಆ ಎರಡು ಸಂಜೆಯ ಸಂಬಳ ಕೊಟ್ಟು, ಹುಡುಗರ ಜವಾಬ್ದಾರಿ ವಹಿಸಿ. ಕೋಚು, ಫಿಟ್‌ನೆಸ್, ಸ್ಪಾನ್ಸರ್ ಎಲ್ಲ ಆಮೇಲಿನ ಮಾತು. ಮೊದಲು ಅವರು ಒಬ್ಬರಿಗೊಬ್ಬರು ಸಿಗಲಿ. ಚೆಂಡಿನ ಡಬ್ಬಿ ಅವರೇ ತರುತ್ತಾರೆ.