ಹಚ್ಚದ ಪಟಾಕಿಗೆ ಬೆದರಿದ ಕುದುರೆ

ಯಲಹಂಕದಲ್ಲಿ ಅಣ್ಣನ ಮಗನ ಮದುವೆ ಮೆರವಣಿಗೆ. ಮದುಮಗ ಕುದುರೆ ಮೇಲೆ. ಕುದುರೆಯವರು ಟೀ ಕುಡಿಯಲು ಹೋದಾಗ ಲಗಾಮು ನಮ್ಮ ಕೈಗೆ ಬಂತು. ಮುಂದೆ ಪಟಾಕಿ ಸರ ಹಾಸುತ್ತಿದ್ದರು. ಕುದುರೆ ಬೆದರೀತೆಂದು ನಾವೇ ಮೊದಲು ಹೆದರಿ ಬಿಗಿಯಾಗಿ ಹಿಡಿದೆವು. ಅದು ತಲೆ ಎತ್ತಿ, ವಾಲಗದವರತ್ತ ಹಿಂದಕ್ಕೆ ಸರಿಯತೊಡಗಿತು. ಮದುಮಗ ಜೀನು ತಬ್ಬಿಕೊಂಡ.

ಕುದುರೆಯವರು ಓಡಿಬಂದರು. ಲಗಾಮು ಸಡಿಲಿಸಿ, ಮುಂದೆ ನೋಡುತ್ತಾ ನಡೆದರು. ಅದೂ ನಡೆಯಿತು. “ಸಾರ್, ಅಷ್ಟು ಬಿಗಿ ಹಿಡಿದ್ರೆ ಮುಂದೆ ಏನೋ ಇದೆ ಅಂತ ಅದಕ್ಕೆ ಗೊತ್ತಾಗುತ್ತೆ.”

2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಕುದುರೆ ನಡೆಸುವವರಿಗೆ ‘ಈ ಸಲ ಪಕ್ಕದಲ್ಲಿ ಛತ್ರಿ ಬಿಚ್ಚುತ್ತೇವೆ’ ಎಂದಿದ್ದರು. ಬಿಚ್ಚಲೇ ಇಲ್ಲ. ಆದರೂ ಅವರ ಎದೆಬಡಿತದ ಜೊತೆ ಕುದುರೆಯದೂ ಏರಿತ್ತು.

ನಮ್ಮ ಪಟಾಕಿಗೂ ಯಾರೂ ಕಡ್ಡಿ ಗೀರಿರಲಿಲ್ಲ. ತಪ್ಪು ಕುದುರೆಯದೆಂದೇ ಅಣ್ಣನ ಮಗ ನಂಬಿದ್ದಾನೆ. ನಾವೂ ಇನ್ನೂ ಹೇಳಿಲ್ಲ.