ರಾಮನಿಗೆ ಹೆಣ್ಣು ಹುಡುಕಲು ಹೋಗಿ...

ನನಗೆ ಹೆಣ್ಣು ಹುಡುಕೋಕೆ ಮನೆಯವರು ಎರಡು ವರ್ಷದಿಂದ ಓಡಾಡ್ತಿದ್ದಾರೆ. ಕೆ.ಆರ್.ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ ಅಂತ ಮೂರು ತಾಲ್ಲೂಕು ಸುತ್ತಿದ್ದಾಯ್ತು. ಆ ಕತೆ ಇನ್ನೊಂದು ದಿನ ಬರೀತೀನಿ. ಇವತ್ತು ಹೇಳೋದು ಪಾಂಡವಪುರದ ಹತ್ತಿರ ನಮ್ಮ ಅಜ್ಜಿ ಮನೆಯ ರಾಮನಿಗೆ ಹೆಣ್ಣು ಹುಡುಕಿದ ಕತೆ. ರಾಮ ಅಂದ್ರೆ ಗಿಣಿ.

ನಾಲ್ಕು ವರ್ಷದ ಹಿಂದೆ ಹಿತ್ತಲಿನ ಒಣಗಿದ ತೆಂಗಿನ ಮರ ಕಡಿಸಿದಾಗ ಪೊಟರೆಯಲ್ಲಿ ಮೂರು ಮರಿ ಇದ್ವಂತೆ. ಎರಡು ಸತ್ತವು. ಗರಿಯೂ ಮೂಡದ ಒಂದಕ್ಕೆ ಅಜ್ಜಿ ರಾಗಿ ಅಂಬಲಿ ಕುಡಿಸಿ ಉಳಿಸಿಕೊಂಡಳು. ತಾತ ಹೋಗಿ ಆಗಷ್ಟೇ ಆರು ತಿಂಗಳಾಗಿತ್ತು. ಬೆಳಿಗ್ಗೆ ಆರು ಗಂಟೆಗೆ ತಾತ ಕೂಗ್ತಿದ್ದ ಹಾಗೇ ಈ ರಾಮ "ಕಾಪಿ! ಕಾಪಿ!" ಅಂತ ಕೂಗೋದನ್ನ ಕಲಿತ. ತಾತನ್ನ ಕೇಳಿದ್ದೇ ಇಲ್ಲದ ಗಿಣಿ ಇದನ್ನ ಎಲ್ಲಿ ಕಲಿತಿತ್ತು? ಅಜ್ಜಿಯೇ ಹೇಳಿಕೊಟ್ಟಿರಬೇಕು. ನಾವ್ಯಾರೂ ಕೇಳಲಿಲ್ಲ.

ಕಳೆದ ದೀಪಾವಳಿಗೆ ಹೋದಾಗ ರಾಮ ಎದೆಯ ಗರಿ ಕಿತ್ತುಕೊಳ್ತಿದ್ದ. "ಒಂಟಿ ಆಗದೆ ಕಣ್ಲಾ, ಅದ್ಕೂ ಒಂದ್ ಜೊತೆ ತಂದ್ಬುಡನ" ಅಂದ ಮಾವ. ನನಗೂ ಸರಿ ಅನ್ನಿಸ್ತು. ಸಂತೆಯ ಹೊರಗೆ ಮಂಕರಿಯಲ್ಲಿ ಹಕ್ಕಿ ಮುಚ್ಚಿಟ್ಟುಕೊಂಡಿದ್ದ ಒಬ್ಬ ಸಿಕ್ಕಿದ. ಹೆಣ್ಣು ಬೇಕು ಅಂದ್ವಿ. ಕೊರಳಲ್ಲಿ ಕಪ್ಪು, ಗುಲಾಬಿ ಪಟ್ಟಿ ಇದ್ದ ಒಂದನ್ನ ತೆಗೆದು "ನೋಡಿ ಸ್ವಾಮಿ, ತಾಳಿ ಕಟ್ಟಿದಂಗೈತೆ, ಹೆಣ್ಣೇ" ಅಂದ. ನಾವಿಬ್ಬರೂ ನಂಬಿದ್ವಿ! (ನಾನು ಓದಿದ್ದು ಇಂಜಿನಿಯರಿಂಗ್, ದಯವಿಟ್ಟು ನಗಬೇಡಿ.)

ಮನೆಗೆ ತಂದವರೇ ಸೀದಾ ರಾಮನ ಪಂಜರದೊಳಗೆ ಬಿಟ್ವಿ. ಅರ್ಧ ನಿಮಿಷ ಎರಡೂ ಸುಮ್ಮನಿದ್ದವು. ಆಮೇಲೆ ರಾಮ ನುಗ್ಗಿ ಹೊಸದರ ಕಾಲ್ಬೆರಳು ಕಚ್ಚಿದ್ದು, ಅದು ಕಿರುಚಿದ್ದು, ಪಂಜರದ ತಳಕ್ಕೆ ಹಾಸಿದ್ದ ಪೇಪರ್ ಮೇಲೆ ರಕ್ತ... ಮಾವ ಟವೆಲ್ ಸುತ್ತಿ ಬಿಡಿಸೋ ಹೊತ್ತಿಗೆ ಬೆರಳಿನ ತುದಿ ಹೋಗಿತ್ತು.

ಮರುದಿನ ದನದ ಡಾಕ್ಟರ ಹತ್ತಿರ ಹೋದ್ವಿ. ಅವರು ಎರಡನ್ನೂ ನೋಡಿ, "ನಿಮ್ಮ ರಾಮ ಹೆಣ್ಣು ಕಣ್ರೀ. ಪಟ್ಟಿ ಇರೋದೇ ಗಂಡು" ಅಂದ್ರು. ಈ ಜಾತಿಯ ಗಂಡಿಗೆ ಸುಮಾರು ಮೂರು ವರ್ಷಕ್ಕೆ ಕೊರಳ ಪಟ್ಟಿ ಪೂರ್ತಿ ಮೂಡುತ್ತೆ, ಹೆಣ್ಣಿಗೆ ಮೂಡೋದಿಲ್ಲ. ಇವುಗಳಲ್ಲಿ ಯಜಮಾನಿಕೆ ಹೆಣ್ಣಿನದೇ. ಗಂಡು ಹೆದರಿ ಹೆದರಿ ಹತ್ತಿರ ಬಂದು, ತಲೆ ತೂಗಿ, ಗುಟುಕು ಕೊಟ್ಟು ಒಲಿಸಿಕೊಳ್ಳಬೇಕು. ಅದು ಓಡಿಹೋಗೋಕೂ ಜಾಗವಿಲ್ಲದ ಹಾಗೆ ನಾವು ಅವಳ ಮನೆಗೇ ನುಗ್ಗಿಸಿದ್ವಿ. ಹೊಸ ಹಕ್ಕಿಯನ್ನ ಮೊದಲು ಮೂವತ್ತು ನಲವತ್ತು ದಿನ ಬೇರೆ ಕೋಣೆಯಲ್ಲಿ ಕ್ವಾರಂಟೈನ್ ಮಾಡಬೇಕಂತೆ, ಯಾಕಂದ್ರೆ ರೋಗ ಇದ್ರೂ ಹಕ್ಕಿ ತೋರಿಸಿಕೊಳ್ಳೋದಿಲ್ಲ. ಗಿಳಿಜ್ವರ ಮನುಷ್ಯರಿಗೂ ಅಂಟುತ್ತೆ. ಆಮೇಲೆ ಪಂಜರಗಳನ್ನ ದೂರದಿಂದ ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತರಬೇಕು. ಕೊನೆಗೆ ಇಬ್ಬರಿಗೂ ಹೊಸದಾದ ಜಾಗದಲ್ಲಿ, ಎರಡು ಬಟ್ಟಲು ಇಟ್ಟು, ಎದುರಿಗೇ ಕೂತು ಬಿಡಬೇಕು.

ಇಷ್ಟು ಹೇಳಿ ಅವರು ಇನ್ನೊಂದು ಮಾತು ಸೇರಿಸಿದ್ರು. "ಇದೆಲ್ಲ ಲವ್ ಬರ್ಡ್ಸ್ ಥರದ ವಿದೇಶಿ ಹಕ್ಕಿ ಸಾಕೋರಿಗೆ. ನಮ್ಮ ಗಿಣಿ ಸಾಕೋದೇ ಅಪರಾಧ." 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದನ್ನ ಹಿಡಿಯೋದು, ಮಾರೋದು, ಸಾಕೋದು ಎಲ್ಲವೂ ತಪ್ಪು. ನಾನು ಬಾಯಿ ಮುಚ್ಚಿಕೊಂಡೆ. 1940ರಿಂದ ಪಕ್ಷಿಧಾಮವಾಗಿರೋ ರಂಗನತಿಟ್ಟು ನಮ್ಮೂರಿಗೆ ಎಷ್ಟು ದೂರ? ಆಫೀಸಿನವರನ್ನ ಕರ್ಕೊಂಡು ಹೋಗಿ, ದೋಣಿಯಲ್ಲಿ ಕೂರಿಸಿ, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ ಅಂತ ಜಂಬ ಕೊಚ್ಚಿದವನು ನಾನು!

ಗಾಯ ವಾಸಿಯಾಗಲಿ ಅಂತ ನೆಪ ಹೇಳಿಕೊಂಡು ಎರಡು ತಿಂಗಳು ತಳ್ಳಿದ್ವಿ. ಮಾವ ಡಾಕ್ಟರು ಹೇಳಿದ ಹಾಗೇ ಮಾಡಿದ. ಕೋಣೆಯಿಂದ ಹಜಾರಕ್ಕೆ, ಹಜಾರದಿಂದ ಜಗುಲಿಗೆ. ಸಂಕ್ರಾಂತಿಗೆ ನಾನು ಹೋದಾಗ ಎರಡೂ ಪಂಜರ ಅಕ್ಕಪಕ್ಕ ಇದ್ದವು. ಗಂಡು ಕಂಬಿ ಸಂದಿಯಿಂದ ಗುಟುಕು ಕೊಡ್ತಿತ್ತು. ರಾಮ ತಗೊಳ್ತಿದ್ದಳು. ಎಷ್ಟು ಖುಷಿಯಾಯ್ತು ಅಂದ್ರೆ, ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ.

ಆವತ್ತು ಸಂಜೆ ನಾಲೆ ಕಡೆಯಿಂದ ಗಿಣಿಗಳ ಹಿಂಡು ಕಿರುಚಿಕೊಂಡು ಹೋಯ್ತು. ಗಂಡು ಎದ್ದು ಕಂಬಿಗೆ ಬಡಿದುಕೊಂಡಿತು. ಮಾರಿದವನು ಅದರ ರೆಕ್ಕೆಯ ಗರಿ ಕತ್ತರಿಸಿದ್ದ. ಆದರೂ ಹಿಂಡು ಕಣ್ಮರೆಯಾಗೋವರೆಗೂ ಬಡಿದುಕೊಂಡಿತು. ದಿನಾ ಹೀಗೇ ಅಂತೆ. ಅಜ್ಜಿ ಸೀಬೆಕಾಯಿ ಹೆಚ್ಚೋದು ನಿಲ್ಲಿಸಿ ಅಂದಳು:

"ನನ್ಗೆ ಒಂಟಿ ಅಂತ ಅದನ್ನ ಇಟ್ಕಂಡೆ. ಅದ್ಕೆ ಒಂಟಿ ಅಂತ ನೀವು ಇನ್ನೊಂದ ಹಿಡ್ಕಂಬಂದ್ರಿ. ಸಂಸಾರ ಇದ್ದದ್ದನ್ನೇ ತಂದ್ರೋ ಏನೋ, ಯಾರಿಗ್ ಗೊತ್ಲಾ?"

ಮರುದಿನ ನಾನೇ ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಮಾವನಿಗೆ ಕೇಸಿನ ಭಯ. ಬಂದವರು ಬೈದರು, ಬರೆಸಿಕೊಂಡರು, ಎರಡನ್ನೂ ತಗೊಂಡರು. ಗಂಡಿಗೆ ಹೊಸ ಗರಿ ಬಂದ ಮೇಲೆ ಬಿಡ್ತೀವಿ, ಕೈಯಲ್ಲೇ ಬೆಳೆದದ್ದರ ವಿಷಯ ನೋಡಬೇಕು ಅಂದ್ರು. ಪಂಜರ ಜೀಪಿಗೆ ಏರಿಸೋವಾಗ ರಾಮ "ಕಾಪಿ" ಅಂದಳು. ಅಜ್ಜಿ ಒಳಗೆ ಹೋದವಳು ರಾತ್ರಿ ಊಟಕ್ಕೂ ಎದ್ದು ಬರಲಿಲ್ಲ.

ಖಾಲಿ ಪಂಜರದಲ್ಲಿ ಅಜ್ಜಿ ಈಗ ಬೆಳ್ಳುಳ್ಳಿ ಇಟ್ಟಿದ್ದಾಳೆ. ನಾನು ಬೆಂಗಳೂರಿಂದ ದಿನಾ ಬೆಳಿಗ್ಗೆ ಆರಕ್ಕೆ ಅಲಾರಂ ಇಟ್ಟುಕೊಂಡು ಫೋನ್ ಮಾಡಿ "ಅಜ್ಜೀ, ಕಾಪಿ ಆಯ್ತಾ?" ಅಂತೀನಿ. ನಾಲ್ಕು ವರ್ಷದ ಹಿಂದೆಯೇ ಮಾಡಬಹುದಿತ್ತು.

"ನೀನೂ ಗಿಣಿ ಆದೇನ್ಲಾ" ಅಂತ ನಗ್ತಾಳೆ. ಮೊನ್ನೆ ಇನ್ನೊಂದು ಮಾತೂ ಹೇಳಿದಳು. ನಾಗಮಂಗಲದ ಹುಡುಗಿ ಒಪ್ಪಿದರೆ, ಮದುವೆ ಆದ ಹೊಸದರಲ್ಲೇ ಅಡುಗೆಮನೆಗೆ ತಳ್ಳಬಾರದಂತೆ. ಮೊದಲು ಜಗುಲಿ, ಆಮೇಲೆ ಹಜಾರ :)